ಹಳೇ ಪಿಕಪ್ ಗುಜರಿಗೆ ಹಾಕುವ ಮೊದಲು ಒಮ್ಮೆ ಬಗ್ಗಿ ಅದರ ಅಡಿ ನೋಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ವಾಚಕರ ಪುಟದಲ್ಲಿ ಹುಬ್ಬಳ್ಳಿಯ ಓದುಗರೊಬ್ಬರ ಪತ್ರ ಬಂದಿತ್ತು. ಗಬ್ಬೂರು ಬೈಪಾಸ್ ಹತ್ತಿರ ಈರುಳ್ಳಿ ತುಂಬಿದ ಹಳೇ ಪಿಕಪ್ ಒಂದು ಕೆಟ್ಟು ನಿಂತು, ಅದರ ಹಿಂದೆ ಅವರು ಅರ್ಧ ಗಂಟೆ ಬಿಸಿಲಲ್ಲಿ ಕಾಯಬೇಕಾಯಿತಂತೆ. 15 ವರ್ಷ ದಾಟಿದ ಪಿಕಪ್‌ಗಳನ್ನೆಲ್ಲ ಗುಜರಿಗೆ ಹಾಕಿಬಿಡಬೇಕು ಎಂದು ಅವರು ಬರೆದಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ಪತ್ರ ಓದಿದ ಮೇಲೆ ಎರಡು ದಿನ ಮನಸ್ಸಿಗೆ ಸಮಾಧಾನ ಇರಲಿಲ್ಲ. ನಮ್ಮ ಮನೆ ನಡೆಯುವುದೇ ಅಂಥ ಒಂದು ಪಿಕಪ್ ಮೇಲೆ.

ನಾನು ಗಾಡಿ ಓಡಿಸುವವಳಲ್ಲ. ಮೊದಲಿನಿಂದ ಓಡಿಸುತ್ತಿದ್ದವರು ನಮ್ಮ ಮನೆಯವರು. ಈಗ ಹೆಚ್ಚಾಗಿ ಮಗ ಓಡಿಸುತ್ತಾನೆ. ನಾನು ಲೆಕ್ಕ ಬರೆಯುವವಳು. 2011ರಲ್ಲಿ ಗಾಡಿ ಮನೆಗೆ ಬಂದ ದಿನವೇ ಇನ್ನೂರು ಪುಟದ ಒಂದು ನೋಟ್‌ಬುಕ್ ಶುರು ಮಾಡಿದೆ. ಈಗ ಮೂರನೆಯದು ನಡೆದಿದೆ. ಡೀಸೆಲ್ ಎಷ್ಟು, ಬಾಡಿಗೆ ಎಷ್ಟು, ಏನು ರಿಪೇರಿ ಆಯಿತು, ಗಾಡಿ ಎಲ್ಲಿ ನಿಂತಿತು, ಯಾಕೆ ನಿಂತಿತು, ಎಲ್ಲ ಅದರಲ್ಲಿದೆ. ಗಾಡಿ 2006ರ ಮಾಡೆಲ್, ಡೀಸೆಲ್, ಸೆಕೆಂಡ್ ಹ್ಯಾಂಡ್. ಯಾವ ಕಂಪನಿಯದು ಎಂಬುದು ಇಲ್ಲಿ ಬೇಡ. ಲಕ್ಷ್ಮೇಶ್ವರ ಸುತ್ತಮುತ್ತಲಿನ ಈರುಳ್ಳಿ, ಹೆಸರು, ಶೇಂಗಾ ಹೇರಿಕೊಂಡು ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಹೋಗುತ್ತದೆ. ಮೆಣಸಿನಕಾಯಿ ಸೀಜನ್‌ನಲ್ಲಿ ಸೋಮವಾರ, ಗುರುವಾರ ಬ್ಯಾಡಗಿ ಪೇಟೆಗೆ ಹೋಗುತ್ತದೆ. ಆಗಾಗ ಯಲ್ಲಾಪುರ ದಾಟಿ, ಅರಬೈಲ್ ಘಾಟ್ ಇಳಿದು ಅಂಕೋಲೆಗೂ ಹೋಗಿ ಬರುತ್ತದೆ.

ಪತ್ರ ಓದಿದ ರಾತ್ರಿ ಮೂರೂ ನೋಟ್‌ಬುಕ್ ಹರಡಿಕೊಂಡು ಕೂತೆ. ಇಷ್ಟು ವರ್ಷಗಳಲ್ಲಿ ಗಾಡಿ ರಸ್ತೆಯಲ್ಲಿ ನಿಂತದ್ದು 41 ಸಲ. ಅದರಲ್ಲಿ 9 ಪಂಕ್ಚರ್. ಉಳಿದ 32ರಲ್ಲಿ ಎಂಜಿನ್ ಬಿಚ್ಚಬೇಕಾದದ್ದು ಒಂದೇ ಸಲ. ಮಿಕ್ಕದ್ದೆಲ್ಲ ಬೆಲ್ಟು, ಹೋಸು, ವೈರು, ವಾಷರು, ಇಲ್ಲದಿದ್ದರೆ ಹೊತ್ತಿಗೆ ಸರಿಯಾಗಿ ಗ್ರೀಸ್ ಕಾಣದ ಕೀಲು. ಆ ಒಂದು ಸಲ ಎಂಜಿನ್ ಹೋದದ್ದೂ ಒಂದು ರಬ್ಬರ್ ಹೋಸ್‌ನಿಂದಲೇ.

ಅದು 2016ರ ಏಪ್ರಿಲ್. ಗದಗದಿಂದ ಹುಬ್ಬಳ್ಳಿಗೆ ಹೋಗುವಾಗ ಅಣ್ಣಿಗೇರಿ ದಾಟಿದ ಮೇಲೆ ಟೆಂಪರೇಚರ್ ಮುಳ್ಳು ಮೇಲಕ್ಕೆ ಏರಿತು. ಇಳಿದು ನೋಡಿದರೆ ರೇಡಿಯೇಟರ್‌ನ ಮೇಲಿನ ಹೋಸ್ ಬಿರುಕು ಬಿಟ್ಟು ಹಬೆ ಬರುತ್ತಿತ್ತು. ನಮ್ಮ ಮನೆಯವರು ಬಟ್ಟೆ ಸುತ್ತಿ, ಹತ್ತಿರದ ಹೊಲದ ಬೋರ್‌ವೆಲ್ ನೀರು ತುಂಬಿ, ಹೇಗಾದರೂ ಹುಬ್ಬಳ್ಳಿ ಮುಟ್ಟೋಣ ಎಂದು ಹೊರಟರು. ಮುಟ್ಟಿದರು. ಆದರೆ ಅಷ್ಟರಲ್ಲಿ ಹೆಡ್ ಗ್ಯಾಸ್ಕೆಟ್, ಎಂದರೆ ಎಂಜಿನ್ ಮೇಲ್ಭಾಗದ ಸಂದಿಯಲ್ಲಿ ನೀರು, ಆಯಿಲ್ ಬೆರೆಯದಂತೆ ತಡೆಯುವ ಹಾಳೆ, ಹೋಗಿತ್ತು. ಮರುದಿನ ನಾನೂ ಹಳೇ ಹುಬ್ಬಳ್ಳಿಯ ಗ್ಯಾರೇಜಿಗೆ ಹೋಗಿದ್ದೆ. ಅಲ್ಲಿಯ ಮಿಸ್ತ್ರಿಯನ್ನು ನಾವು ಚಾಚಾ ಎಂದೇ ಕರೆಯುವುದು. ಅವರು ಆಯಿಲ್ ನೋಡುವ ಕಡ್ಡಿ ಎಳೆದು ತೋರಿಸಿದರು. ಕಪ್ಪಗೆ ಇರಬೇಕಾದ ಆಯಿಲ್ ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ನೀರು ಎಂಜಿನ್ ಒಳಗೆ ಹೋಗಿ ಆಯಿಲ್ ಜೊತೆ ಕಲೆತರೆ ಹಾಗಾಗುತ್ತದೆ.

ಆಮೇಲೆ ರೇಡಿಯೇಟರ್ ಬಿಚ್ಚಿದರು. ಒಳಗಿನ ಸಣ್ಣ ಕೊಳವೆಗಳಲ್ಲಿ ಅರ್ಧಕ್ಕರ್ಧ ಬೆಳ್ಳಗೆ ಕಟ್ಟಿಕೊಂಡಿದ್ದವು. ಚಾಚಾ ಸ್ಕ್ರೂಡ್ರೈವರ್‌ನಿಂದ ಕೆರೆದು ಆ ಬಿಳಿ ಪುಡಿಯನ್ನು ನನ್ನ ಅಂಗೈ ಮೇಲೆ ಹಾಕಿದರು. "ಅಕ್ಕಾರ, ಮನ್ಯಾಗ ಚಾ ಕಾಸೋ ಪಾತೇಲಿ ತಳಾ ಒಮ್ಮೆ ನೋಡ್ರಿ. ಅದ ಪೊರಿ ಇಲ್ಲೂ ಐತಿ" ಎಂದರು. ನಮ್ಮೂರಿನ ಬೋರ್‌ವೆಲ್ ನೀರು ಎಷ್ಟು ಗಡಸು ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಪಾತೇಲಿಯ ತಳಕ್ಕೆ ಸುಣ್ಣ ಕಟ್ಟುತ್ತದೆ. ಐದು ವರ್ಷ ಅದೇ ನೀರನ್ನು ಗಾಡಿಗೆ ಕುಡಿಸಿದ್ದೆವು. ಸುಣ್ಣದ ಪೊರೆ ಕಟ್ಟಿದರೆ ಬಿಸಿ ಹೊರಗೆ ಹೋಗುವುದಿಲ್ಲ. ಎಂಜಿನ್ ದಿನಾ ಸ್ವಲ್ಪ ಜಾಸ್ತಿ ಕಾಯುತ್ತದೆ. ರಬ್ಬರ್ ಹೋಸ್ ದಿನಾ ಸ್ವಲ್ಪ ಜಾಸ್ತಿ ಬೇಯುತ್ತದೆ. ಒಂದು ದಿನ ಒಡೆಯುತ್ತದೆ. ಹೋಸ್‌ನ ಬೆಲೆ ಆಗ 250 ರೂಪಾಯಿ. ಹೆಡ್ ಫೇಸಿಂಗ್, ಗ್ಯಾಸ್ಕೆಟ್, ರೇಡಿಯೇಟರ್, ಕೂಲಿ ಎಲ್ಲ ಸೇರಿ ನಾವು ಕೊಟ್ಟದ್ದು 28,400. ಮಗಳ ಹಾಸ್ಟೆಲ್ ಫೀಗೆ ಎಂದು ಎತ್ತಿಟ್ಟ ದುಡ್ಡು ಅದು.

ಆ ದಿನದಿಂದ ಬರೀ ನೀರಿನ ಬದಲು ಕೂಲಂಟ್ ಎಂಬ ತಂಪುದ್ರವ ಹಾಕುತ್ತಿದ್ದೇವೆ. ಅದಕ್ಕೆ ಬೆರೆಸುವುದು ಬ್ಯಾಟರಿಗೆ ಹಾಕುವ ನೀರು, ಅರ್ಧಕ್ಕೆ ಅರ್ಧ. ಎರಡು ವರ್ಷಕ್ಕೊಮ್ಮೆ ಹೋಸ್ ಬದಲಿ, ಅದು ನೋಡಲು ಚೆನ್ನಾಗಿದ್ದರೂ ಸರಿ. ಇನ್ನೊಂದು ಮಾತೂ ಆಗಲೇ ಗೊತ್ತಾದದ್ದು. ನಮಗಿಂತ ಮೊದಲು ಯಾರೋ ಆ ಗಾಡಿಯ ಥರ್ಮೋಸ್ಟಾಟ್ (ಎಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರ್ ಕಡೆ ಬಿಡದ ಕವಾಟ) ಕಿತ್ತು ಬಿಸಾಡಿದ್ದರು. ಗಾಡಿ ಬಿಸಿಯಾಗುತ್ತದೆ ಎಂದರೆ ಸಾಕು, ನಮ್ಮ ಕಡೆ ಎಷ್ಟೋ ಮಿಸ್ತ್ರಿಗಳು ಮೊದಲು ಮಾಡುವ ಕೆಲಸ ಅದೇ. ಅದು ತಪ್ಪು. ಎಂಜಿನ್ ಬೇಗ ಹದವಾದ ಬಿಸಿಗೆ ಬರಲಿ ಎಂದೇ ಅದನ್ನು ಇಟ್ಟಿರುವುದು. ತೆಗೆದರೆ ಎಂಜಿನ್ ತಣ್ಣಗೇ ಓಡುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಒಳಗೆ ಸವೆತವೂ ಜಾಸ್ತಿ. ಬಿಸಿಯಾಗುವುದಕ್ಕೆ ಕಾರಣ ರೇಡಿಯೇಟರ್‌ನಲ್ಲಿದ್ದರೆ ಅದು ಅಲ್ಲೇ ಇರುತ್ತದೆ.

ವೈರಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ಕೀಲಿ ತಿರುವಿದರೆ ಬರೀ ಟಕ್ ಟಕ್. ಬ್ಯಾಟರಿ ಹೋಯಿತು ಎಂದು 5,500 ಕೊಟ್ಟು ಹೊಸದು ಹಾಕಿಸಿದೆವು. ಎರಡು ವಾರ ಆದ ಮೇಲೆ ಮತ್ತೆ ಟಕ್ ಟಕ್. ಕೊನೆಗೆ ನೋಡಿದರೆ ಎಂಜಿನ್‌ನಿಂದ ಚಾಸಿಗೆ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ) ಬರುವ ಅರ್ಥ್ ವೈರ್ ತುಕ್ಕು ಹಿಡಿದು ನಾಲ್ಕೇ ಎಳೆ ಉಳಿದಿತ್ತು. ಹೊಸ ವೈರಿಗೆ 120 ರೂಪಾಯಿ. ಹಳೇ ಗಾಡಿಯಲ್ಲಿ ಸೆಲ್ಫ್ ಎಳೆಯುತ್ತಿಲ್ಲ ಎಂದರೆ ಮೊದಲು ಬ್ಯಾಟರಿ ಟರ್ಮಿನಲ್ ಉಜ್ಜಿ, ಆಮೇಲೆ ಅರ್ಥ್ ವೈರ್ ನೋಡಿ. ಅದಾದ ಮೇಲೆ ಅಂಗಡಿಗೆ ಹೋಗಿ.

ಡೀಸೆಲ್‌ನಲ್ಲಿ ಏರ್ ಹಿಡಿಯುವುದೂ ಹಾಗೇ. ಟ್ಯಾಂಕಿನಿಂದ ಪಂಪಿಗೆ ಬರುವ ಪೈಪಿನಲ್ಲಿ ಎಲ್ಲೋ ಒಂದು ತಾಮ್ರದ ವಾಷರ್ ಸಡಿಲವಾದರೆ ಡೀಸೆಲ್ ಜೊತೆ ಗಾಳಿಯೂ ಒಳಗೆ ಬರುತ್ತದೆ. ಏರುದಾರಿಯಲ್ಲಿ ಗಾಡಿ ಕೆಮ್ಮಿ ಕೆಮ್ಮಿ ಆಫ್ ಆಗುತ್ತದೆ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ, ಗುಳ್ಳೆ ನಿಲ್ಲುವ ತನಕ ಕೈಪಂಪ್ ಒತ್ತಿ, ಮತ್ತೆ ಬಿಗಿ ಮಾಡಿದರೆ ಗಾಡಿ ಹೊರಡುತ್ತದೆ. ಇದನ್ನು ನಾನೂ ಕಲಿತಿದ್ದೇನೆ. ಆದರೆ ಹಾಗೆ ಹೊರಟ ಗಾಡಿಯನ್ನು ಮನೆಗೆ ತಂದ ಮೇಲೆ ಆ ವಾಷರ್ ಬದಲಿಸುವವರು ಕಡಿಮೆ. ನಾಳೆ ಅದೇ ಗಾಡಿ ಬೈಪಾಸ್‌ನಲ್ಲಿ ನಿಂತಿರುತ್ತದೆ.

ಇನ್ನು ಬ್ರೇಕ್. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ. 2023ರ ಡಿಸೆಂಬರ್‌ನಲ್ಲಿ ಮಗ ಈರುಳ್ಳಿ ಹೇರಿಕೊಂಡು ಅಂಕೋಲೆಗೆ ಹೊರಟಿದ್ದ. ಅರಬೈಲ್ ಘಾಟ್ ಇಳಿಯುವಾಗ ಮುಂದೆ ಒಂದು ಟ್ಯಾಂಕರ್ ಇತ್ತು. ಅದರ ಹಿಂದೆ ಬ್ರೇಕ್ ಒತ್ತುತ್ತ ಒತ್ತುತ್ತ ಇಳಿದಿದ್ದಾನೆ. ಅರ್ಧ ಘಾಟ್ ಇಳಿಯುವಷ್ಟರಲ್ಲಿ ಬ್ರೇಕ್ ಲೈನರ್ ಸುಟ್ಟ ವಾಸನೆ. ಆಮೇಲೆ ಪೆಡಲ್ ಒತ್ತಿದರೆ ಮೆತ್ತಗೆ ಕೆಳಗೆ ಹೋಗುತ್ತಿದೆ, ಹಿಡಿಯುತ್ತಿಲ್ಲ. ದೇವರ ದಯೆ, ಅಪ್ಪ ಹೇಳಿಕೊಟ್ಟದ್ದು ನೆನಪಾಗಿ ಗೇರ್ ಒಂದೊಂದೇ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗುಡ್ಡದ ಬದಿಯ ಮಣ್ಣಿಗೆ ಗಾಡಿ ತಾಗಿಸಿ ನಿಲ್ಲಿಸಿದ. ಮಗನಿಗೆ ಏನೂ ಆಗಲಿಲ್ಲ, ಬೇರೆ ಯಾರಿಗೂ ಏನೂ ಆಗಲಿಲ್ಲ. ಅಲ್ಲಿಂದ ಫೋನ್ ಮಾಡಿದಾಗ ಅವನ ದನಿ ಕೇಳಿ ನಾನು ನಿಂತಲ್ಲೇ ಕೂತುಬಿಟ್ಟೆ.

ಚಾಚಾ ಬ್ರೇಕ್ ಆಯಿಲ್ ಹೊರಗೆ ತೆಗೆದಾಗ ಅದು ಬೆಲ್ಲದ ಪಾಕದ ಬಣ್ಣಕ್ಕಿತ್ತು. ಅದನ್ನು ಬದಲಿಸಿ ಎಷ್ಟು ವರ್ಷ ಆಯಿತು ಎಂದು ಕೇಳಿದರು. ನೋಟ್‌ಬುಕ್ ತಿರುವಿ ಹಾಕಿದೆ. ಕಡಿಮೆಯಾದಾಗ ಮೇಲೆ ಸುರಿದದ್ದು ಇದೆ. ಪೂರ್ತಿ ಬದಲಿಸಿದ್ದು ಎಲ್ಲೂ ಇಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದಂತೆ. ಡಾಟ್ 3 ಎಂಬ ಸಾಮಾನ್ಯ ಆಯಿಲ್ ಹೊಸದಾಗಿದ್ದಾಗ 205 ಡಿಗ್ರಿ ತನಕ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಆ ಮಟ್ಟ 140 ಡಿಗ್ರಿಗೆ ಇಳಿಯುತ್ತದೆ. ಘಾಟ್‌ನಲ್ಲಿ ಚಕ್ರದ ಬ್ರೇಕ್ ಡ್ರಮ್ ಕಾದಾಗ ಪೈಪಿನೊಳಗೇ ಅದು ಕುದಿದು ಹಬೆಯಾಗುತ್ತದೆ. ನಾವು ಒತ್ತುವ ಒತ್ತಡವೆಲ್ಲ ಆ ಹಬೆಯ ಗುಳ್ಳೆ ಕುಗ್ಗಿಸುವುದಕ್ಕೇ ಹೋಗುತ್ತದೆ, ಚಕ್ರಕ್ಕೆ ಮುಟ್ಟುವುದೇ ಇಲ್ಲ.

ಅಷ್ಟೇ ಆಗಿದ್ದರೆ ಆಯಿಲ್ ಮೇಲೆ ತಪ್ಪು ಹಾಕಿ ಸುಮ್ನೆ ಇರಬಹುದಿತ್ತು. ಆದರೆ ಆ ದಿನದ ಪುಟದಲ್ಲಿ ನನ್ನದೇ ಕೈಬರಹದಲ್ಲಿ ಇನ್ನೊಂದು ಲೆಕ್ಕ ಇದೆ. ನಮ್ಮ ಗಾಡಿಯ ಆರ್‌ಸಿ ಪ್ರಕಾರ ಹೇರಬಹುದಾದದ್ದು 1,200 ಕೆಜಿ. ಐವತ್ತು ಕೆಜಿಯ ಚೀಲ ಎಂದರೆ 24. ಆ ದಿನ ಹೇರಿದ್ದು 38. ಆ 14 ಚೀಲಕ್ಕೆ ಜಾಸ್ತಿ ಸಿಕ್ಕ ಬಾಡಿಗೆ 900 ರೂಪಾಯಿ. ಅದನ್ನು ನಾನೇ ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಮಗನ ಜೀವವನ್ನು ಆ ಗೆರೆಯ ಪಕ್ಕ ಇಟ್ಟು ನೋಡಿದೆ. ಆ ರಾತ್ರಿಯೇ ನೋಟ್‌ಬುಕ್‌ನಲ್ಲಿ ಲೋಡಿಗೆ ಬೇರೆ ಕಾಲಂ ಹಾಕಿದೆ. ಅಲ್ಲಿಂದ ಇಲ್ಲಿಯ ತನಕ ಆ ಕಾಲಂನಲ್ಲಿ 24 ದಾಟಿಲ್ಲ. ಬಾಡಿಗೆ ಕಡಿಮೆಯಾಗಿದೆ, ಎರಡು ಗಿರಾಕಿ ಬಿಟ್ಟು ಹೋಗಿದ್ದಾರೆ. ಹೋಗಲಿ.

ನಮ್ಮ ಕಡೆಯ ಪಿಕಪ್‌ಗಳನ್ನು ಕೊಲ್ಲುವುದು ಈ ಲೋಡ್. ಗಾಡಿ ತಂದ ಮರುದಿನವೇ ಹಿಂದಿನ ಪಾಟಾಕ್ಕೆ (ಭಾರ ಹೊರುವ, ಉಕ್ಕಿನ ಪಟ್ಟಿಗಳ ಸ್ಪ್ರಿಂಗ್‌ಗೆ) ಎರಡು ಎಲೆ ಜಾಸ್ತಿ ಹಾಕಿಸುವ ರೂಢಿ ಇದೆ. ಪಾಟಾ ಗಟ್ಟಿಯಾಯಿತು, ಇನ್ನು ಎರಡು ಟನ್ ಹೇರಬಹುದು ಎಂಬ ಧೈರ್ಯ. ಗಾಡಿ ಬಗ್ಗುವುದಿಲ್ಲ, ನಿಜ. ಆದರೆ ಬಗ್ಗದೆ ಉಳಿದ ಆ ಭಾರ ಎಲ್ಲಿಗೆ ಹೋಗಬೇಕು? ಚಾಸಿಗೆ ಹೋಗುತ್ತದೆ. ವೀಲ್ ಬೇರಿಂಗಿಗೆ, ಟೈರಿಗೆ, ಕ್ಲಚ್ ಪ್ಲೇಟಿಗೆ ಹೋಗುತ್ತದೆ. ಬ್ರೇಕ್ ಮಾತ್ರ ಕಂಪನಿ ಕೊಟ್ಟದ್ದೇ ಇರುತ್ತದೆ, ಅದಕ್ಕೆ ಯಾರೂ ಎಲೆ ಸೇರಿಸುವುದಿಲ್ಲ. ಹತ್ತು ವರ್ಷ ಹೀಗೆ ಓಡಿದ ಗಾಡಿಯ ಪಾಟಾದ ಸೆಂಟರ್ ಬೋಲ್ಟ್ ಕಟ್ ಆಗಿ ಆ್ಯಕ್ಸಲ್ ಓರೆಯಾದಾಗ, "ಹಳೇ ಗಾಡಿ, ಏನ್ ಮಾಡೋದು" ಎನ್ನುತ್ತಾರೆ.

ಗ್ರೀಸ್ ಬಗ್ಗೆಯೂ ಒಂದು ಮಾತು. ನಮ್ಮದು ಎರಿ ಭೂಮಿ. ಮಳೆಗಾಲದಲ್ಲಿ ಹೊಲದ ಬದುವಿನ ತನಕ ಗಾಡಿ ಇಳಿಸುತ್ತೇವೆ. ಆ ಕೆಸರು ಮುಂದಿನ ಚಕ್ರ ಹೊರಳುವ ಕಿಂಗ್‌ಪಿನ್, ಪಾಟಾದ ಶ್ಯಾಕಲ್, ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಎಲ್ಲದಕ್ಕೂ ಮೆತ್ತಿಕೊಂಡು ಒಣಗಿದರೆ ಸಿಮೆಂಟ್ ಹಾಗೆ ಕೂತುಬಿಡುತ್ತದೆ. ಗ್ರೀಸ್ ಹೊಡೆಯುವ ಬಾಯಿ, ಎಂದರೆ ನಿಪ್ಪಲ್, ಎಲ್ಲಿದೆ ಎಂಬುದೇ ಕಾಣುವುದಿಲ್ಲ. ಕಾಣದ ನಿಪ್ಪಲ್‌ಗೆ ಹುಡುಗರು ಗ್ರೀಸ್ ಹೊಡೆಯುವುದೂ ಇಲ್ಲ. ಗೇರ್ ಹಾಕಿ ಕ್ಲಚ್ ಬಿಡುವಾಗ ಅಡಿಯಿಂದ "ಟಣ್" ಎಂದು ಸದ್ದು ಬಂದರೆ ಮೊದಲು ಆ ಕ್ರಾಸ್ ನೋಡಿಸಿ. ಅದು ಓಡುವಾಗ ಮುರಿದರೆ ಶಾಫ್ಟ್ ಕಳಚಿ ರಸ್ತೆಗೆ ಬಡಿಯುತ್ತದೆ. ಗಾಡಿ ತೊಳೆಸುವಾಗ ಮೇಲಿನ ಬಣ್ಣಕ್ಕಿಂತ ಅಡಿಗೆ ಜಾಸ್ತಿ ನೀರು ಹೊಡೆಸಿ. ಗೊಬ್ಬರದ ಚೀಲ ಸಾಗಿಸಿದ ದಿನವಂತೂ ಬಿಡಲೇಬೇಡಿ. ಯೂರಿಯಾ ಪುಡಿ ಒದ್ದೆಯಾಗಿ ಮೂಲೆಯಲ್ಲಿ ಕೂತರೆ ಕಬ್ಬಿಣ ಉಳಿಯುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ನಮ್ಮ ಅನುಭವ ಉಪಯೋಗಕ್ಕೆ ಬರಲಿ. ನಮಗೆ ಗಾಡಿ ಮಾರಿದವರು ಅಡಿಗೆಲ್ಲ ಹೊಸದಾಗಿ ಕಪ್ಪು ಬಣ್ಣ ಹೊಡೆಸಿದ್ದರು. ಎಷ್ಟು ಚೊಕ್ಕ ಇಟ್ಟಿದ್ದಾರೆ ಎಂದು ನಾವು ಖುಷಿಪಟ್ಟೆವು. ಎಂಟು ತಿಂಗಳಿಗೆ ಆ ಬಣ್ಣ ಎದ್ದಾಗ ಹಿಂದಿನ ಪಾಟಾದ ಬ್ರಾಕೆಟ್ ಪಕ್ಕ ಚಾಸಿಗೆ ವೆಲ್ಡಿಂಗ್ ಮಾಡಿದ್ದು ಕಂಡಿತು. ಮೀಟರ್ ತೋರಿಸುತ್ತಿದ್ದದ್ದು 90 ಸಾವಿರ ಕಿ.ಮೀ. ಆದರೆ ಕ್ಲಚ್ ಪೆಡಲ್‌ನ ರಬ್ಬರ್ ಸವೆದು ಕಬ್ಬಿಣ ಹೊಳೆಯುತ್ತಿತ್ತು. 90 ಸಾವಿರಕ್ಕೆ ಹಾಗೆ ಸವೆಯುತ್ತದೆಯೇ? ಆಗ ನಮಗೆ ತಿಳಿಯಲಿಲ್ಲ. ಈಗ ಯಾರಾದರೂ ಗಾಡಿ ನೋಡಲು ಕರೆದರೆ ನಾನು ಮೊದಲು ಪೆಡಲ್ ನೋಡುತ್ತೇನೆ. ಆಮೇಲೆ ಮೊಬೈಲ್ ಟಾರ್ಚ್ ಹಿಡಿದು ಅಡಿ ಬಗ್ಗುತ್ತೇನೆ. ಆಮೇಲೆ ತಣ್ಣಗಿರುವ ಎಂಜಿನ್‌ನ ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ಬೆರಳಾಡಿಸುತ್ತೇನೆ. ಬಿಳಿ ಪುಡಿ ಹತ್ತಿದರೆ ಆ ಗಾಡಿ ಬೇಡ ಎನ್ನುತ್ತೇನೆ. ಕೊನೆಗೆ ಲೆಕ್ಕದ ಪುಸ್ತಕ ಇದೆಯಾ ಎಂದು ಕೇಳುತ್ತೇನೆ. ಇಲ್ಲ ಎನ್ನುವವರೇ ಹೆಚ್ಚು.

ಆ ಓದುಗರಿಗೆ ಕಾನೂನಿನ ಬಗ್ಗೆಯೂ ಒಂದು ಮಾತು ಹೇಳಬೇಕು. 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದು ಎಂದು ಹಸಿರು ನ್ಯಾಯಮಂಡಳಿ 2015ರಲ್ಲಿ, ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ, ಅಲ್ಲಿಯ ಗಾಳಿ ಕೆಟ್ಟಿದ್ದಕ್ಕೆ. 2021ರಲ್ಲಿ ಬಂದ ಗುಜರಿ ನೀತಿ ನಮ್ಮಂಥವರ ಬಾಡಿಗೆ ಗಾಡಿಗೆ ನೋಡುವುದು ಫಿಟ್‌ನೆಸ್. 2023ರ ಏಪ್ರಿಲ್‌ನಿಂದ 15 ವರ್ಷಕ್ಕೇ ರಿಜಿಸ್ಟ್ರೇಶನ್ ಮುಗಿಯುವುದು ಸರ್ಕಾರಿ ವಾಹನಗಳದ್ದು. ಬಾಡಿಗೆ ಗಾಡಿಗೆ 8 ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಗಾಡಿ ಓಡಲು ಯೋಗ್ಯ ಎಂಬ ಫಿಟ್‌ನೆಸ್ ಸರ್ಟಿಫಿಕೇಟ್, ಎಂದರೆ ಎಫ್‌ಸಿ ಮಾಡಿಸಲೇಬೇಕು. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದವಕ್ಕೆ ಅದರ ಫೀ ಕೂಡ ಏರಿದೆ. ನಾವು ಕಟ್ಟುತ್ತಿದ್ದೇವೆ. ಕಟ್ಟುವುದಕ್ಕೆ ಬೇಸರವಿಲ್ಲ. ಬೇಸರ ಇರುವುದು ಎಫ್‌ಸಿ ದಿನಕ್ಕಷ್ಟೇ ಬೇರೆಯವರ ಒಳ್ಳೇ ಟೈರ್ ಹಾಕಿಕೊಂಡು ಬಂದು, ಸಂಜೆ ಬಿಚ್ಚಿ ಕೊಡುವ ಮಾಲೀಕರ ಮೇಲೆ. ಅಂಥವರನ್ನು ಕಣ್ಣಾರೆ ನೋಡಿದ್ದೇನೆ. ಬಣ್ಣ, ರಿಫ್ಲೆಕ್ಟರ್ ಸ್ಟಿಕ್ಕರ್ ನೋಡುವಷ್ಟೇ ಕಾಳಜಿಯಿಂದ ಗಾಡಿಯನ್ನು ಗುಂಡಿ ಮೇಲೆ ನಿಲ್ಲಿಸಿ, ಚಾಸಿ, ಪಾಟಾ, ಬ್ರೇಕ್ ಪೈಪ್ ನೋಡಿ ಎಂದು ಸಾರಿಗೆ ಇಲಾಖೆಯವರಲ್ಲಿ ನನ್ನ ವಿನಂತಿ. ಹಾಗೆ ನೋಡಿ ಫೇಲ್ ಮಾಡಿದರೆ ನಮ್ಮ ಗಾಡಿಯೇ ಆಗಲಿ, ಗುಜರಿಗೆ ಹೋಗಲಿ.

ಹಳೇ ಗಾಡಿಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ಈಗಿನ ಹೊಗೆ ನಿಯಮದ (ಬಿಎಸ್ 6) ಗಾಡಿಗೆ ಹೋಲಿಸಿದರೆ ಹೊಗೆ ಜಾಸ್ತಿ. ಇದು ನಿಜ, ನಾನು ಮುಚ್ಚಿಡುವುದಿಲ್ಲ. ಚಾಸಿ ಉದ್ದಕ್ಕೆ ಸೀಳು ಬಿಟ್ಟಿದ್ದರೆ, ಸ್ಟೀರಿಂಗ್ ಎಷ್ಟು ಬಿಗಿ ಮಾಡಿದರೂ ಆಡುತ್ತಿದ್ದರೆ, ಆ ಗಾಡಿ ನಾಳೆಯಿಂದ ರಸ್ತೆಗೆ ಬರಬಾರದು. ಆದರೆ ಎರಡು ಎಕರೆ ಇದ್ದವರು ಹತ್ತು ಲಕ್ಷದ ಹೊಸ ಪಿಕಪ್ ತಂದು ಸಾಲದ ಕಂತು ಕಟ್ಟುವುದು ಹೇಗೆ? ಕಂತು ತುಂಬಲು ಅವರೂ 38 ಚೀಲ ಹೇರುತ್ತಾರೆ. ಮೂರೇ ವರ್ಷಕ್ಕೆ ಆ ಹೊಸ ಗಾಡಿಯ ಪಾಟಾ ಕಟ್ ಆಗುವುದನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ.

ಗಬ್ಬೂರು ಬೈಪಾಸ್‌ನಲ್ಲಿ ನಿಂತಿದ್ದ ಆ ಗಾಡಿಗೆ ಏನಾಗಿತ್ತೋ ನನಗೆ ಗೊತ್ತಿಲ್ಲ. ಅದು ನಮ್ಮದಲ್ಲ. ಆದರೆ ಈರುಳ್ಳಿ ಸೀಜನ್, ಮಧ್ಯಾಹ್ನದ ಬಿಸಿಲು, ಮೇಲೆ ಲೋಡ್ ಎಂದರೆ ನಾನು ಮೊದಲು ಫ್ಯಾನ್ ಬೆಲ್ಟ್ ನೋಡುತ್ತಿದ್ದೆ. ನಮ್ಮ ಗಾಡಿಯಲ್ಲಿ ಆ ಒಂದೇ ಬೆಲ್ಟ್ ನೀರಿನ ಪಂಪ್ ತಿರುಗಿಸುತ್ತದೆ, ಬ್ಯಾಟರಿಗೆ ಕರೆಂಟ್ ಕೊಡುತ್ತದೆ, ಬ್ರೇಕ್‌ಗೆ ಬೇಕಾದ ವ್ಯಾಕ್ಯೂಮ್ ಪಂಪನ್ನೂ ಓಡಿಸುತ್ತದೆ. ಅದು ಕಟ್ ಆದರೆ ಗಾಡಿ ನಿಲ್ಲಿಸದೆ ಗತಿಯಿಲ್ಲ. ಹೊಸ ಬೆಲ್ಟ್ ಒಂದನ್ನು ನಮ್ಮ ಮನೆಯವರು ಸೀಟಿನ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದಾರೆ. ಹದಿನೈದು ನಿಮಿಷದ ಕೆಲಸ.

ಈ ಪತ್ರವನ್ನು ಡಿಸೆಂಬರ್ ಮುಗಿಯುವುದರೊಳಗೆ ಹಾಕಿದರೆ ಉಪಕಾರವಾಗುತ್ತದೆ. ಜನವರಿಯಿಂದ ಬ್ಯಾಡಗಿಗೆ ಮೆಣಸಿನಕಾಯಿ ಹೊರಡುತ್ತದೆ. ಆಮೇಲೆ ಗ್ಯಾರೇಜಿನಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ, ನಿಲ್ಲಿಸಲು ಯಾರಿಗೂ ಮನಸ್ಸೂ ಇರುವುದಿಲ್ಲ. ನಮ್ಮ ಗಾಡಿಯ ಬ್ರೇಕ್ ಆಯಿಲ್ ಬದಲಿಸಲು ಬರುವ ಭಾನುವಾರ ಚಾಚಾ ಹೊತ್ತು ಕೊಟ್ಟಿದ್ದಾರೆ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ಲಕ್ಷ್ಮೇಶ್ವರ ತಾಲ್ಲೂಕು, ಗದಗ ಜಿಲ್ಲೆ